ಹುಟ್ಟುಹಬ್ಬದ ದಿನ ಎಲ್ಲ ಮಕ್ಕಳಿಗೂ ಒಂದೇ ತಿಂಡಿ

"ಮಗಳ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಲ್ಲಿ ಒಬ್ಬನಿಗೆ ಅಲರ್ಜಿಯಂತೆ. ಎಗ್‌ಲೆಸ್ ಕೇಕ್ ತಂದುಬಿಟ್ಟರೆ ಸಾಕಲ್ಲವೇ?" ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಮತ್ತೆ ಮತ್ತೆ ಕಾಣುವ ಪ್ರಶ್ನೆ ಇದು. ಕೊಯಮತ್ತೂರಿನಲ್ಲಿ ನಮ್ಮ ಅಕ್ಕಪಕ್ಕದ ಮನೆಯವರೂ ಇದನ್ನೇ ಕೇಳುತ್ತಾರೆ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗಿಯರೂ ಇದನ್ನೇ ಕೇಳುತ್ತಾರೆ. ನಾನು ಮರಳಿ ಕೇಳುವುದು ಒಂದೇ: ಆ ಮಗುವಿಗೆ ಯಾವುದರ ಅಲರ್ಜಿ? ಮೊಟ್ಟೆಯದು ಮಾತ್ರವಾದರೆ ಎಗ್‌ಲೆಸ್ ಕೇಕು ಅರ್ಧ ದಾರಿ ದಾಟಿಸುತ್ತದೆ. ಗೋಧಿಯದೋ ಕಡಲೆಕಾಯಿಯದೋ ಆದರೆ ಅದರಿಂದ ಉಪಯೋಗವೇ ಇಲ್ಲ. ಹಾಲಿನ ಅಲರ್ಜಿಯಾದರೆ ಎಗ್‌ಲೆಸ್ ಕೇಕಿನಲ್ಲೇ ಅಪಾಯ ಹೆಚ್ಚು, ಏಕೆಂದರೆ ಮೊಟ್ಟೆ ಬಿಟ್ಟ ಜಾಗವನ್ನು ಸಾಮಾನ್ಯವಾಗಿ ತುಂಬುವುದು ಮೊಸರು, ಹಾಲಿನ ಪುಡಿ, ಕಂಡೆನ್ಸ್ಡ್ ಮಿಲ್ಕ್.

ಎಗ್‌ಲೆಸ್ ಎಂಬುದರ ಮೇಲೆ ನಮಗಿರುವ ನಂಬಿಕೆ ಹಳೆಯದು. ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿ ತೆರೆದಂದಿನಿಂದ ಮೊಟ್ಟೆಯಿಲ್ಲದ ಕೇಕು, ಬನ್ನು, ರಸ್ಕು ನಮ್ಮವೇ ಆಗಿಬಿಟ್ಟಿವೆ. ಇಂದು ತಮಿಳುನಾಡಿನ ಊರೂರಲ್ಲಿ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಕಾಣುತ್ತದೆ. ಕೊಯಮತ್ತೂರಿನಲ್ಲೂ ಗಲ್ಲಾಪೆಟ್ಟಿಗೆಯ ಹಿಂದೆ ಹಾಸನದ ಕನ್ನಡ ಕೇಳಿ ಸಂತೋಷಪಟ್ಟವಳು ನಾನು. ಪೊಟ್ಟಣದ ತಿಂಡಿಯಾದರೆ ಹಸಿರು ಚುಕ್ಕೆ ಹುಡುಕುವ ಅಭ್ಯಾಸವೂ ನಮಗಿದೆ. ಎರಡೂ ಒಳ್ಳೆಯ ಅಭ್ಯಾಸಗಳೇ. ಆದರೆ ಅವು ಹೇಳುವುದು ಸಸ್ಯಾಹಾರವೋ ಅಲ್ಲವೋ ಎಂಬುದನ್ನು ಮಾತ್ರ. ಹಾಲು, ಗೋಡಂಬಿ, ಕಡಲೆಕಾಯಿ, ಎಳ್ಳು, ಸೋಯಾ, ಗೋಧಿ ಎಲ್ಲವೂ ಹಸಿರು ಚುಕ್ಕೆಯ ಕೆಳಗೆ ಆರಾಮವಾಗಿ ಕೂರುತ್ತವೆ. ಮಡಿ, ಆಚಾರ, ಶಾಕಾಹಾರದ ಕಣ್ಣಿನಿಂದ ತಿಂಡಿಯನ್ನು ನೋಡಿ ಪಳಗಿದ ನಾವು, ಅಲರ್ಜಿಯ ಮಗುವಿಗಾಗಿ ಅದನ್ನು ಬೇರೆ ಕಣ್ಣಿನಿಂದ ನೋಡುವುದನ್ನು ಹೊಸದಾಗಿ ಕಲಿಯಬೇಕು.

ನನ್ನ ತಂಗಿಯ ಮಗನಿಗೆ ಹಾಲಿನ ಅಲರ್ಜಿ. ಅವನಿಗಾಗಿ ಬೇಕರಿಗಳಲ್ಲಿ ವಿಚಾರಿಸುತ್ತಿದ್ದಾಗ ಒಬ್ಬ ಬೇಕರಿಯವರು ತುಂಬ ಪ್ರೀತಿಯಿಂದಲೇ ಹೇಳಿದರು: "ಕ್ರೀಮಿನಲ್ಲಿ ಹಾಲೇ ಇಲ್ಲ ಅಮ್ಮಿಣಿ, ನಾನ್ ಡೈರಿ." ಆ ಕ್ರೀಮಿನ ಡಬ್ಬ ತೋರಿಸಿ ಅಣ್ಣಾ ಎಂದೆ. ಬೇಸರಪಡದೆ ಫ್ರಿಜ್ಜಿನಿಂದ ತೆಗೆದುಕೊಟ್ಟರು. ಪಾಮ್ ಕರ್ನಲ್ ಎಣ್ಣೆ, ಸಕ್ಕರೆ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಕೇಸಿನೇಟ್ ಎಂದಿತ್ತು. ಕೇಸಿನ್ ಎಂದರೆ ಹಾಲಿನ ಮುಖ್ಯ ಪ್ರೋಟೀನು. ಹಾಲು ಒಡೆದಾಗ ಗಟ್ಟಿಯಾಗಿ ನಿಲ್ಲುವುದು ಅದೇ. ಕೊಬ್ಬು ಹಾಲಿನದಲ್ಲವಾದ್ದರಿಂದ ಅದಕ್ಕೆ ನಾನ್ ಡೈರಿ ಎಂಬ ಹೆಸರು, ಆದರೆ ಮಗುವಿನ ದೇಹ ಹೆದರುವುದು ಕೊಬ್ಬಿಗಲ್ಲ, ಪ್ರೋಟೀನಿಗೆ. ಬೇಕರಿ ಕೇಕುಗಳ ಮೇಲೆ ಹೂವಾಗಿ ಅರಳುವ ಬಿಳಿ ಕ್ರೀಮುಗಳಲ್ಲಿ ಅನೇಕಕ್ಕೆ ಈ ಕೇಸಿನೇಟ್ ಸೇರಿರುತ್ತದೆ. ಅಂದಿನಿಂದ ಹೆಸರು ನೋಡುವುದನ್ನು ಬಿಟ್ಟು ಪದಾರ್ಥಗಳ ಪಟ್ಟಿ ಓದುತ್ತೇನೆ.

ಅಲರ್ಜಿಯೆಂದರೆ ನಿರುಪದ್ರವಿ ಆಹಾರದ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಅದರ ಮೇಲೆ ಬೀಳುವುದು. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವ ಲ್ಯಾಕ್ಟೋಸ್ ತೊಂದರೆ ಬೇರೆ. ಅದು ಹಾಲಿನ ಸಕ್ಕರೆ ಜೀರ್ಣವಾಗದ ಕಷ್ಟ, ಅಂಥವರಲ್ಲಿ ಅನೇಕರು ಸ್ವಲ್ಪ ಮೊಸರು ತಡೆದುಕೊಳ್ಳುತ್ತಾರೆ. ಗೋಧಿಯ ಗ್ಲುಟೆನ್ನಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇನ್ನೂ ಬೇರೆ. ಅದರಲ್ಲಿ ಮೈಮೇಲೆ ದದ್ದು ಏಳದೆಯೇ ತಿಂಗಳುಗಟ್ಟಲೆ ಒಳಗೊಳಗೇ ಹಾನಿಯಾಗುತ್ತದೆ. ಆತಿಥ್ಯ ಮಾಡುವವರು ಇವೆಲ್ಲದರ ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಆದರೆ 'ಸ್ವಲ್ಪ ತಿಂದರೆ ಏನೂ ಆಗಲ್ಲ, ಅಭ್ಯಾಸವಾಗುತ್ತೆ' ಎಂಬ ಮಾತು ಲ್ಯಾಕ್ಟೋಸ್ ತೊಂದರೆಯವರ ಮಟ್ಟಿಗೆ ಒಮ್ಮೊಮ್ಮೆ ನಿಜವಾಗಬಹುದು, ಅಲರ್ಜಿಯ ಮಗುವಿಗೆ ಅದು ಆಸ್ಪತ್ರೆಯ ದಾರಿ ಎಂಬಷ್ಟು ತಿಳಿದಿರಬೇಕು.

ಇದರ ಇನ್ನೊಂದು ತುದಿಯೂ ಇದೆ. ರಕ್ತ ಪರೀಕ್ಷೆಯ ಕಾಗದ ಹಿಡಿದು ಹತ್ತಾರು ಆಹಾರ ಬಿಡಿಸಿದ ತಾಯಂದಿರ ಪತ್ರಗಳೂ ಬರುತ್ತವೆ. ಬೆಂಗಳೂರು, ಮೈಸೂರುಗಳ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವರೆಲ್ಲ ನೋಡಬೇಕಾದದ್ದು. ಪರೀಕ್ಷಿಸಿದವರಲ್ಲಿ ಸುಮಾರು ನೂರಕ್ಕೆ 26 ಮಂದಿಯ ರಕ್ತ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ಬಂದಿತ್ತು. ತಿಂದಾಗ ಲಕ್ಷಣಗಳೂ ಕಂಡು, ಅಲರ್ಜಿ ಇರಬಹುದೆಂದು ಲೆಕ್ಕಕ್ಕೆ ಸಿಕ್ಕವರು ನೂರಕ್ಕೆ 1.2 ಮಾತ್ರ. ಕಾಗದದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಾಗುವುದಿಲ್ಲ. ತಿಂದಾಗ ಏನಾಯಿತು ಎಂಬ ಕಥೆಯನ್ನು ಕೇಳಿದ ಮೇಲೆಯೇ ತಜ್ಞರು ನಿರ್ಧಾರ ಹೇಳಬೇಕು. ಬೆಳೆಯುವ ಮಗುವಿನ ತಟ್ಟೆಯಿಂದ ಕಾರಣವಿಲ್ಲದೆ ಹಾಲು, ಮೊಟ್ಟೆ, ಬೇಳೆ ಕಿತ್ತುಕೊಳ್ಳುವುದೂ ಹಾನಿಯೇ. ಹೀಗಾಗಿ ನೀವು ಹುಟ್ಟುಹಬ್ಬ ಮಾಡುವವರಾದರೆ ಕರೆಯುವಾಗಲೇ ಆ ಮಗುವಿನ ತಾಯಿಯನ್ನು ಕೇಳಿ: ಡಾಕ್ಟರು ಯಾವುದು ಬೇಡವೆಂದಿದ್ದಾರೆ, ಅದನ್ನು ತಾಗಿದ ಪಾತ್ರೆಯೂ ಆಗದೋ? ಇಷ್ಟು ಗೊತ್ತಾದರೆ ಅಡುಗೆ ಸುಲಭ.

ತಾಯಂದಿರಿಂದ ಬರುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. "ಕೇಕಿನಲ್ಲಿ ಬೆಂದ ಮೊಟ್ಟೆ ಆಗುತ್ತದಂತೆ, ಹೌದೇ?" ಹೌದು, ಮೊಟ್ಟೆಯ ಅಥವಾ ಹಾಲಿನ ಅಲರ್ಜಿಯಿರುವ ಮಕ್ಕಳಲ್ಲಿ ಬಹುಪಾಲು ಮಂದಿ ಹಿಟ್ಟಿನೊಡನೆ ಒವನ್ನಿನಲ್ಲಿ ಚೆನ್ನಾಗಿ ಬೆಂದದ್ದನ್ನು ತಡೆದುಕೊಳ್ಳುತ್ತಾರೆ, ಏಕೆಂದರೆ ಬಿಸಿಗೆ ಕೆಲವು ಪ್ರೋಟೀನುಗಳ ಆಕಾರ ಬದಲಾಗುತ್ತದೆ. ಆದರೆ ಮೊಟ್ಟೆಯ ಓವೋಮ್ಯೂಕಾಯಿಡ್, ಹಾಲಿನ ಕೇಸಿನ್ ಬಿಸಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಿಮ್ಮ ಮಗು ಯಾವ ಗುಂಪಿನದೆಂದು ತಿಳಿಯುವ ಜಾಗ ಡಾಕ್ಟರ ಕಣ್ಣೆದುರಿನ ಆಸ್ಪತ್ರೆ. ಬಲೂನು ಕಟ್ಟಿದ ಹಾಲ್‌ನಲ್ಲಿ, ಮಕ್ಕಳ ಗದ್ದಲದಲ್ಲಿ ಆ ಪ್ರಯೋಗ ಖಂಡಿತ ಬೇಡ.

ಪೊಟ್ಟಣದ ತಿಂಡಿಗೆ ಕಾನೂನಿನ ನೆರವಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿಯಂಥವು, ಕಡಲೆಕಾಯಿ ಮತ್ತು ಬಾದಾಮಿ-ಗೋಡಂಬಿಯಂಥ ಬೀಜಗಳು, ಸೋಯಾ, ಒಂದು ಮಿತಿ ದಾಟಿದ ಸಲ್ಫೈಟ್ ಇದ್ದರೆ ಪ್ರತ್ಯೇಕವಾಗಿ ಅಚ್ಚುಮಾಡಲೇಬೇಕು. ಎಳ್ಳು ಈ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಸೇರಿಸಿದ್ದಾರೆ. ಎಳ್ಳೆಣ್ಣೆಯಲ್ಲೇ ಅಡುಗೆ ಮಾಡುವ ಈ ಸೀಮೆಗೆ ಅದು ಇನ್ನೂ ಹೆಚ್ಚು ಬೇಕಿತ್ತು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲ್ಲು, ಬೇಕರಿಗಳು ಮೆನುವಿನಲ್ಲೂ ಅಲರ್ಜಿಯ ವಿವರ ಕೊಡಬೇಕು. ಬೀದಿ ತಿರುವಿನ ಒಂಟಿ ಬೇಕರಿಯಲ್ಲಿ ತೂಕಮಾಡಿ ಕಟ್ಟಿಕೊಡುವ ಕೇಕಿಗೆ ಯಾವ ಚೀಟಿಯೂ ಇರುವುದಿಲ್ಲ. ಅಲ್ಲಿ ಒಂದೇ ಬೀಟರು, ಒಂದೇ ಟ್ರೇ, ಒಂದೇ ಚಾಕು. ಬಾದಾಮಿ ಬಿಸ್ಕತ್ತು ಕತ್ತರಿಸಿದ ಕೈ ನಿಮ್ಮ ಕೇಕನ್ನೂ ಕತ್ತರಿಸುತ್ತದೆ. ಅವರ ತಪ್ಪೆಂದಲ್ಲ, ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಬೇರೆ ಮಾಡುವುದು ಅವರಿಗೆ ಆಗದು. ಅದಕ್ಕೇ ಗಂಭೀರ ಅಲರ್ಜಿಯ ಮಗು ಬರುವುದಾದರೆ ಮನೆಯಲ್ಲೇ ಮಾಡಿ ಎನ್ನುತ್ತೇನೆ.

ಮನೆಯಲ್ಲಿ ಮಾಡುವುದೆಂದರೆ ಮತ್ತೆ ಕೇಕೇ ಆಗಬೇಕೆಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಕಿ, ರಾಗಿ, ಬೆಲ್ಲ, ತೆಂಗಿನಕಾಯಿ: ಈ ನಾಲ್ಕರಲ್ಲಿ ಮೊಟ್ಟೆಯಿಲ್ಲ, ಹಾಲಿಲ್ಲ, ಗೋಧಿಯಿಲ್ಲ, ಕಡಲೆಕಾಯಿಯಿಲ್ಲ. ಪೊಳ್ಳಾಚಿ, ಆನೈಮಲೈ, ಉಡುಮಲಪೇಟೆ ಕಡೆ ಹೋದವರಿಗೆ ರಸ್ತೆಯ ಎರಡೂ ಬದಿ ತೆಂಗು ಬಿಟ್ಟು ಬೇರೇನೂ ಕಂಡ ನೆನಪಿರದು. ತೆಂಗಿನಕಾಯಿಗೂ ಅಲರ್ಜಿ ಇರುವವರಿದ್ದಾರೆ, ಆದರೆ ಬಹಳ ಅಪರೂಪ. ಬಾದಾಮಿ, ಗೋಡಂಬಿಯ ಸಾಲಿನಲ್ಲೇ ಅದನ್ನು ಇಟ್ಟಿದ್ದ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೂ 2025ರ ಜನವರಿಯಲ್ಲಿ ಆ ಪಟ್ಟಿಯಿಂದ ತೆಂಗನ್ನು ತೆಗೆಯಿತು. ಇಲ್ಲಿನ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಕಜ್ಜಾಯವನ್ನು ಕೊಂಗು ನಾಡಿನ ತಮಿಳರೂ ಕಚ್ಚಾಯಂ ಎಂದು ಮಾಡುತ್ತಾರೆ. ಅಕ್ಕಿಹಿಟ್ಟು, ಬೆಲ್ಲ, ಏಲಕ್ಕಿ. ಇದಕ್ಕಿಂತ ಸರಳವಾದದ್ದು ಯಾವುದಿದೆ?

ಹಾಗಿದ್ದರೂ ಅಜ್ಜಿಯ ಕಾಲದ ತಿಂಡಿ ಎಂದೊಡನೆ ಕಣ್ಣು ಮುಚ್ಚಿ ಕೊಡುವಂತಿಲ್ಲ, ಇದನ್ನು ಒತ್ತಿ ಹೇಳಬೇಕು. ಕಜ್ಜಾಯ ಕರಿದ ಎಣ್ಣೆ ಯಾವುದು? ಕಾಂಗೇಯಂ ಕಡೆಯಿಂದ ಗಾಣದ ಕಡಲೆಕಾಯಿ ಎಣ್ಣೆ ತರಿಸುವುದು ಈಗ ಆರೋಗ್ಯದ ಗುರುತಾಗಿದೆ. ಉಳಿದವರಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಹೋಗಿರುತ್ತದೆ, ಗಾಣದ್ದರಲ್ಲಿ ಉಳಿದಿರುತ್ತದೆ. ಕಡಲೆಕಾಯಿ ಅಲರ್ಜಿಯ ಮಗುವಿಗೆ ಆ ಕಜ್ಜಾಯ ಕಡಲೆಕಾಯಿಯನ್ನೇ ಕೊಟ್ಟಂತೆ. ಗಾಣದ ಎಳ್ಳೆಣ್ಣೆಯೂ ಹಾಗೇ. ತುಪ್ಪದಲ್ಲಿ ಹಾಲಿಲ್ಲ, ಬರೀ ಕೊಬ್ಬು ಎಂದು ಹಿರಿಯರು ಹೇಳುತ್ತಾರೆ. ಊತ್ತುಕುಳಿ ಬೆಣ್ಣೆ ತಂದು ಮನೆಯಲ್ಲಿ ಕಾಯಿಸಿದ ತುಪ್ಪದ ಪರಿಮಳಕ್ಕೆ ಸಾಟಿಯಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಎಷ್ಟು ಸೋಸಿದರೂ ಹಾಲಿನ ಪ್ರೋಟೀನಿನ ಅಂಶ ಅದರಲ್ಲಿ ಉಳಿಯುತ್ತದೆ, ಹಾಲಿನ ಅಲರ್ಜಿಯ ಮಗುವಿಗೆ ತುಪ್ಪವೂ ಬೇಡ. ಮೈಸೂರು ಪಾಕಿನಲ್ಲಿ ಗೋಧಿಯಿಲ್ಲ, ಮೊಟ್ಟೆಯಿಲ್ಲ, ತುಪ್ಪ ಮಾತ್ರ ಧಾರಾಳ. ಜೊತೆಗೆ ಕಡಲೆಹಿಟ್ಟು, ಅದಕ್ಕೂ ಕೆಲವು ಮಕ್ಕಳಿಗೆ ಅಲರ್ಜಿ ಉಂಟು. ಖಾರಕ್ಕೆಂದು ಅಕ್ಕಿಹಿಟ್ಟಿನ ಮುರುಕ್ಕು ಕರಿಯುವವರು ಹಿಂಗಿನ ಡಬ್ಬಿ ತಿರುಗಿಸಿ ನೋಡಿ. ಅಂಗಡಿಯ ಹಿಂಗು ಶುದ್ಧ ಅಂಟಲ್ಲ. ಅದನ್ನು ಹೆಚ್ಚಾಗಿ ಗೋಧಿಹಿಟ್ಟಿನಲ್ಲೋ ಮೈದಾದಲ್ಲೋ ಕಲಸಿರುತ್ತಾರೆ. ಸೀಲಿಯಾಕ್ ಮಗುವಿಗೆ ಚಿಟಿಕೆ ಹಿಂಗೂ ಲೆಕ್ಕಕ್ಕೆ ಬರುತ್ತದೆ.

ಇವೆಲ್ಲಕ್ಕಿಂತ ಕಣ್ಣಿಗೆ ಬೀಳದಿರುವುದು ಹಿಟ್ಟಿನ ಮಿಲ್ಲು. ನಿಮ್ಮ ರಾಗಿಗೆ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬಿದ್ದಿರುತ್ತದೆ. ಮಿಲ್ಲಿನವರು ಮೊದಲ ಹಿಡಿ ಹಿಟ್ಟನ್ನು ತೆಗೆದು ಹಾಕಿದರೂ ಕಲ್ಲಿನ ಸಂದಿಯ ಗೋಧಿ ಎಲ್ಲಿಗೂ ಹೋಗಿರುವುದಿಲ್ಲ. ಇದಕ್ಕೆ ಪರಿಹಾರ ನಮ್ಮ ಊರಿನದೇ ಆದ ಒಂದು ಯಂತ್ರ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕೊಯಮತ್ತೂರು ವೆಟ್ ಗ್ರೈಂಡರ್ ಇಲ್ಲಿ ಬಹುತೇಕ ಎಲ್ಲ ಮನೆಯಲ್ಲೂ ಇದೆ. ರಾಗಿಯನ್ನೂ ಅಕ್ಕಿಯನ್ನೂ ಕಾಳಾಗಿಯೇ ತಂದು, ಬೇರೆ ಕಾಳು ಸೇರಿದ್ದರೆ ಆರಿಸಿ, ತೊಳೆದು, ನೆನೆಸಿ ಮನೆಯಲ್ಲೇ ರುಬ್ಬಿದರೆ ಮಿಲ್ಲಿನ ಚಿಂತೆಯೇ ಇಲ್ಲ. ನಿನ್ನೆ ಉದ್ದು ರುಬ್ಬಿದ್ದರೆ ಕಲ್ಲಿನ ಸಂದು, ಉರುಳು, ಪಟ್ಟಿಯ ಅಂಚು ಎಲ್ಲವನ್ನೂ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ಬೇಳೆಕಾಳಿನ ಅಲರ್ಜಿಯ ಮಕ್ಕಳೂ ನಮ್ಮಲ್ಲಿದ್ದಾರೆ.

ಹೀಗೆ ರುಬ್ಬಿದ ರಾಗಿಯಿಂದ ನಾನು ಮಾಡುವುದು ಹಾಲುಬಾಯಿ. ಹೆಸರಲ್ಲಿ ಹಾಲಿದ್ದರೂ ಅದು ರಾಗಿಯ ಹಾಲು, ತೆಂಗಿನ ಹಾಲು. ಒಂದು ಲೋಟ ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒಂದು ಲೋಟ ತೆಂಗಿನತುರಿಯೊಡನೆ ನೀರು ಬಿಟ್ಟು ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಚರಟವನ್ನು ಇನ್ನೊಮ್ಮೆ ರುಬ್ಬಿ ಹಿಂಡಿದರೆ ಒಟ್ಟು ನಾಲ್ಕು ಲೋಟದಷ್ಟು ಹಾಲು ಸಿಗಬೇಕು. ಕರಗಿಸಿ ಸೋಸಿದ ಒಂದೂಕಾಲು ಲೋಟ ಬೆಲ್ಲ ಸೇರಿಸಿ ದಪ್ಪತಳದ ಬಾಣಲೆಯಲ್ಲಿ ಹದವಾದ ಉರಿಗಿಟ್ಟು ಕೈ ಬಿಡದೆ ತಿರುವಿ. ಮೊದಲು ನೀರಾಗಿದ್ದದ್ದು ಇದ್ದಕ್ಕಿದ್ದಂತೆ ಗಂಟುಗಂಟಾಗುತ್ತದೆ, ಹೆದರಬೇಡಿ, ಇನ್ನೂ ಜೋರಾಗಿ ತಿರುವಿ. ಸುಮಾರು ಇಪ್ಪತ್ತೈದು ನಿಮಿಷಕ್ಕೆ ಹೊಳಪು ಬಂದು ಬಾಣಲೆಯ ಅಂಚು ಬಿಡುತ್ತದೆ. ತುಪ್ಪದ ಬದಲು ಎರಡು ಚಮಚ ತೆಂಗಿನೆಣ್ಣೆ, ಏಲಕ್ಕಿ ಪುಡಿ. ಎಣ್ಣೆ ಸವರಿದ ತಟ್ಟೆಗೆ ಸುರಿದು ಎರಡು ಗಂಟೆ ಆರಲು ಬಿಟ್ಟರೆ ಬಿಸ್ಕತ್ತಿನ ಅಚ್ಚಿನಿಂದ ನಕ್ಷತ್ರ, ಆನೆ, ಮೀನು ಹೇಗೆ ಬೇಕೋ ಹಾಗೆ ಕತ್ತರಿಸಬಹುದು. ಆ ಅಚ್ಚಿನ ಕೆಲಸವನ್ನು ಮಕ್ಕಳ ಕೈಗೇ ಕೊಡಿ. ಹಲ್ಲಿಗೆ ಮೆತ್ತಗೆ, ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದೂ ಅಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜಗಳನ್ನು ಅಲರ್ಜಿ ಇರಲಿ ಇಲ್ಲದಿರಲಿ ಕೊಡಬಾರದು, ಉಸಿರಿಗೆ ಅಡ್ಡವಾಗುತ್ತವೆ. ಅದರಿಂದ ಅಲಂಕಾರಕ್ಕೂ ಗೋಡಂಬಿ ಬೇಡ.

"ಕೇಕು ಕಟ್ ಮಾಡದೆ ಹುಟ್ಟುಹಬ್ಬವೇ ಅಲ್ಲ ಎನ್ನುತ್ತಾಳೆ ಮಗಳು" ಎನ್ನುವವರಿಗೆ ಬಡತನದ ಕಾಲದ ಒಂದು ಕೇಕು ಹೇಳುತ್ತೇನೆ. ಅಮೆರಿಕದಲ್ಲಿ ಹೋದ ಶತಮಾನದ ಆರ್ಥಿಕ ಮುಗ್ಗಟ್ಟು, ಯುದ್ಧಗಳ ದಿನಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಕೈಗೆಟುಕದಾದಾಗ ಗೃಹಿಣಿಯರು ಇದನ್ನು ಬಳಕೆಗೆ ತಂದರು. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ, ಒಂದು ಟೀ ಚಮಚ ಅಡುಗೆ ಸೋಡ, ಅರ್ಧ ಟೀ ಚಮಚ ಉಪ್ಪು ಜರಡಿ ಹಿಡಿದು, ಒಂದು ಕಪ್ ನೀರು, ಮೂರನೇ ಒಂದು ಕಪ್ ರಿಫೈನ್ ಮಾಡಿದ ಸೂರ್ಯಕಾಂತಿ ಎಣ್ಣೆ, ಒಂದು ದೊಡ್ಡ ಚಮಚ ವಿನಿಗರ್ ಸೇರಿಸಿ ಕಲಸಿ, ತಡಮಾಡದೆ 180 ಡಿಗ್ರಿಯಲ್ಲಿ ಅರ್ಧ ಗಂಟೆ, ಬೇಕಾದರೆ ಇನ್ನೈದು ನಿಮಿಷ ಬೇಯಿಸಿ. ಕೇಕಿನಲ್ಲಿ ಮೊಟ್ಟೆ ಮಾಡುವ ಕೆಲಸ ಹಿಟ್ಟನ್ನು ಉಬ್ಬಿಸುವುದು ಮತ್ತು ಹಿಡಿದಿಡುವುದು. ಇಲ್ಲಿ ಸೋಡವೂ ಹುಳಿಯೂ ಸೇರಿ ಏಳುವ ಅನಿಲ ಉಬ್ಬಿಸುತ್ತದೆ, ಮೈದಾದ ಗ್ಲುಟೆನ್ ಹಿಡಿದಿಡುತ್ತದೆ. ಕಲಸಿದ ಹಿಟ್ಟನ್ನು ಹಾಗೇ ಇಟ್ಟರೆ ಅನಿಲ ಹೋಗಿ ಕೇಕು ಚಪ್ಪಟೆಯಾಗುತ್ತದೆ, ಅದಕ್ಕೇ ಅವಸರ. ಗೋಧಿ ಆಗದ ಮಗುವಿಗೆ ಮೈದಾ ಬದಲು ಮಿಲ್ಲಿಗೆ ಕೊಡದೆ ಮನೆಯಲ್ಲೇ ಪುಡಿಮಾಡಿದ ಅಕ್ಕಿ, ರಾಗಿ ಹಿಟ್ಟುಗಳನ್ನು ಸಮಸಮ ಹಾಕಿದರೆ ಹಿಡಿದಿಡುವವರಿಲ್ಲದೆ ಪುಡಿಪುಡಿಯಾಗುತ್ತದೆ. ಒಂದು ಮಾಗಿದ ಬಾಳೆಹಣ್ಣು, ಒಂದು ಟೀ ಚಮಚ ಇಸಬ್‌ಗೋಲ್ ಆ ಕೆಲಸ ಮಾಡುತ್ತವೆ. ಇಡ್ಲಿ ತಟ್ಟೆಯಲ್ಲಿ ಹಬೆಗೆ ಬೇಯಿಸಿದರೆ ಇನ್ನೂ ಮೆತ್ತಗೆ ಬರುತ್ತದೆ, ಒವನ್ ಇಲ್ಲದ ಮನೆಗೆ ಅದೇ ಸರಿ.

ಮೇಲೆ ಬಳಿಯಲು ತೆಂಗಿನಹಾಲಿನ ಕೆನೆ ಚೆನ್ನ ಎಂದು ವಿದೇಶದ ಅಡುಗೆ ಪುಸ್ತಕಗಳು ಹೇಳುತ್ತವೆ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗೆ ಕರಗುತ್ತದೆ, ತಿರುಪ್ಪೂರಿನ ಏಪ್ರಿಲ್ಲಿನಲ್ಲಿ ಆ ಕೆನೆ ಮೇಣದಬತ್ತಿಗಿಂತ ಮೊದಲು ಇಳಿದುಹೋಗುತ್ತದೆ. ಬೀಟ್‌ರೂಟ್ ರಸದಲ್ಲಿ ಬಣ್ಣ ಬಂದ ತೆಂಗಿನತುರಿ ಉದುರಿಸಿ, ಸಾಕು. ಬಣ್ಣದ ಮಿಠಾಯಿ ಕಾಳು, ಚಾಕೊಲೇಟ್ ತುಂಡುಗಳ ಚೀಟಿ ಓದದೆ ಹಾಕಬೇಡಿ. ಕಪ್ಪು ಚಾಕೊಲೇಟಿನಲ್ಲೂ ಅನೇಕ ವೇಳೆ ಹಾಲಿನ ಅಂಶ, ಸೋಯಾ ಲೆಸಿಥಿನ್ ಇರುತ್ತವೆ.

ಇಷ್ಟೆಲ್ಲ ಮಾಡುವ ಬದಲು ಆ ಒಂದು ಮಗುವಿಗೆ ಬೇರೆ ಡಬ್ಬಿ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಅವನ ತಾಯಿಯೇ ಡಬ್ಬಿ ತಂದರೆ ಬೇಡವೆನ್ನಬೇಡಿ, ಅವಳಿಗೆ ಅದರಿಂದ ನೆಮ್ಮದಿ. ಆದರೆ ಕರೆದವರು ನಾವಾಗಿ, ಹತ್ತು ಮಕ್ಕಳು ಒಂದೇ ತಿಂಡಿ ತಿನ್ನುವಾಗ ಮೂರು ವರ್ಷದ ಮಗುವನ್ನು ಮೂಲೆಯಲ್ಲಿ ಕೂರಿಸಿ 'ನಿನಗೆ ಇದು' ಎನ್ನುವುದು ನನಗೆ ಸರಿಕಾಣದು. ಮಕ್ಕಳು ಪಕ್ಕದವರ ತಟ್ಟೆಗೆ ಕೈ ಹಾಕುವವರೇ. ಕೇಕು ಮೆತ್ತಿದ ಕೈಯಲ್ಲಿ ಬಲೂನು, ಬಲೂನಿನಿಂದ ಇನ್ನೊಬ್ಬರ ಬಾಯಿ. ಎಲ್ಲರಿಗೂ ಒಂದೇ ತಿಂಡಿ ಮಾಡಿದರೆ ಕಾವಲು ಕಾಯುವುದು ತಪ್ಪುತ್ತದೆ. ಉಳಿದ ಮಕ್ಕಳಿಗೆ ಒಂದು ಸಂಜೆ ಕ್ರೀಮು ಸಿಗದೆ ನಷ್ಟವೇನೂ ಆಗುವುದಿಲ್ಲ.

ಏನೇ ಜಾಗ್ರತೆ ಮಾಡಿದರೂ ತುಟಿ ಊದಿಕೊಂಡು, ಮೈಯೆಲ್ಲ ದದ್ದೆದ್ದು, ವಾಂತಿಯಾಗಿ, ದನಿ ಒರಟಾಗಿ, ಉಸಿರಿಗೆ ಕಷ್ಟವಾದರೆ ಅಥವಾ ಮಗು ಸೋತು ಜೋತುಬಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಮಲಗಿಸಿ, ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಕೂರಿಸಿ, ಎತ್ತಿ ನಿಲ್ಲಿಸಿ ನಡೆಸಬೇಡಿ. ಸೆಟ್ರಿಜಿನ್ ಸಿರಪ್ಪು ತುರಿಕೆ ಇಳಿಸುತ್ತದೆಯೇ ಹೊರತು ಉಸಿರು ಉಳಿಸುವುದಿಲ್ಲ. ಅದಕ್ಕೆ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ರಾತ್ರಿ ಡಾಕ್ಟರು ಇರುತ್ತಾರೆಯೇ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ. ಆ ದಿನ ಬಳಸಿದ ಕೋಕೋ, ಎಣ್ಣೆ, ಬೆಲ್ಲದ ಪೊಟ್ಟಣಗಳನ್ನು ಎಲ್ಲರೂ ಮನೆಗೆ ಹೋಗುವವರೆಗೂ ಎಸೆಯಬೇಡಿ. ಬಂದ ತಾಯಿ "ಅಕ್ಕಾ, ಇದರಲ್ಲಿ ಏನೇನು ಹಾಕಿದ್ದೀರಿ?" ಎಂದಾಗ ಬಾಯಿಮಾತಿನಲ್ಲಿ ಹೇಳದೆ ಅವುಗಳನ್ನೇ ಅವಳ ಕೈಗೆ ಕೊಡಿ.